ಹೊಸ ಬಾಟಲಿಯ ಬಣ್ಣ

ಫೆಬ್ರವರಿ 9

ಅತ್ತಿಗೆ,

ಫೋನ್ ಮಾಡಿದರೆ "ಒಲೆ ಮೇಲೆ ಹಾಲಿದೆ, ಆಮೇಲೆ ಮಾಡು" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಹಾಲು ಉಕ್ಕಿದ ಮೇಲೂ ಇದು ಮೇಜಿನ ಮೇಲೇ ಇರುತ್ತದೆ.

ನಿಮ್ಮ ಆಸ್ಪತ್ರೆಯ ಸ್ಲೈಡುಗಳು ನನ್ನ ಮಾನ ಕಳೆದಿವೆ. ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ರೋಗಿಯ ಅಂಗದ ಚೂರಿಟ್ಟ ಗಾಜಿನ ಸ್ಲೈಡು ನೋಡಿ ಯಾವುದು ಗಡ್ಡೆ, ಯಾವುದು ಅಲ್ಲ ಎಂದು ಹೇಳುವ ಪ್ರೋಗ್ರಾಂ ಮಾಡಿದ್ದೇನೆ ಎಂದಿದ್ದೆನಲ್ಲ, ಇಲ್ಲಿಯದಾದರೆ ನೂರರಲ್ಲಿ ತೊಂಬತ್ನಾಲ್ಕು ಸರಿ ಹೇಳುತ್ತದೆ. ನಿಮ್ಮಲ್ಲಿಂದ ಬಂದ ಮೂವತ್ತನ್ನು ಮುಂದಿಟ್ಟೆ ನೋಡಿ, ಅರ್ಧಕ್ಕರ್ಧ ತಪ್ಪು. ಇಲ್ಲಿ ಮಷೀನು ಬಣ್ಣ ಹಾಕುತ್ತದೆ, ಅಲ್ಲಿ ನಿಮ್ಮ ಕೈ ಹಾಕುತ್ತದೆ. ಬಣ್ಣ ಒಂದಿಷ್ಟು ಬೇರೆಯಾದ ಕೂಡಲೇ ಈ ಪುಣ್ಯಾತ್ಮನಿಗೆ ಆರೋಗ್ಯವಾಗಿರುವ ಅಂಗವೂ ಕಾಯಿಲೆಯಾಗಿ ಕಾಣುತ್ತದೆ. ಹೊಸ ಅಂಗಿ ಹಾಕಿಕೊಂಡು ಹೋದರೆ ಗುರುತು ಹಿಡಿಯದ ನೆಂಟರಿರುತ್ತಾರಲ್ಲ, ಹಾಗೆ.

ನನಗೆ ನಿಮ್ಮ ಕಡೆಯ ಸ್ಲೈಡುಗಳು ಬೇಕು. ಹೋದ ವರ್ಷದ ಜೂನ್‌ನಿಂದ ಈವರೆಗಿನವು, ಮುಂದೆ ತಿಂಗಳಿಗೆ ಇಪ್ಪತ್ತು. ರೋಗಿಗಳ ಹೆಸರು ಬೇಡ. ತಾರೀಖು ಮತ್ತು ಬಣ್ಣ ಹಾಕಿದವರ ಸಹಿ ಇರುವ ಚೀಟಿ ಇದ್ದರೆ ಸಾಕು. ನಿಮ್ಮ ದೊಡ್ಡ ಡಾಕ್ಟರ್ ಒಪ್ಪಿಗೆ ಕೊಟ್ಟಿದ್ದಾರೆ. ಸ್ಕ್ಯಾನ್ ಮಾಡಿ ಒಂದೂ ಒಡೆಯದೆ ಹಿಂದಿರುಗಿಸುತ್ತೇನೆ.

ನೀವು ಅಣ್ಣನ ಕೈ ಹಿಡಿದು ಮನೆಗೆ ಬಂದಾಗ ನನಗೆ ಒಂಬತ್ತು. ಮೂರನೇ ದಿನವೇ ನಿಮ್ಮ ಜೊತೆ ಲ್ಯಾಬಿಗೆ ಬಂದು ಈರುಳ್ಳಿ ಸಿಪ್ಪೆಯೊಳಗಿನ ಕೋಣೆಗಳನ್ನು ನೋಡಿದ್ದು ನೆನಪಿದೆ. "ಯಾಕೆ, ಯಾಕೆ" ಅಂತ ತಲೆ ತಿಂದೆನೆಂದು ಹೆಸರಿಟ್ಟವರೂ ನೀವೇ. ಈಗ ಅದರ ಫಲ ಅನುಭವಿಸಿ.

ನಿಮ್ಮ
ಯಾಕಮ್ಮ


ಫೆಬ್ರವರಿ 24

ಯಾಕಮ್ಮಾ,

ಎರಡು ಡಬ್ಬಿ ಕಳಿಸಿದ್ದೇನೆ. ಹತ್ತಿ ಸುತ್ತಿ, ಮೇಲೆ ನಿನ್ನಣ್ಣನ ಹಳೇ ಬನಿಯನ್ ಸುತ್ತಿದ್ದೇನೆ. ಅದನ್ನು ಮಾತ್ರ ವಾಪಸ್ ಕಳಿಸಬೇಡ.

ನಿನ್ನ ಮಷೀನು ಅದ್ದಿದ ಸ್ಲೈಡುಗಳನ್ನು ಒಮ್ಮೆ ನೋಡಿದ್ದೇನೆ, ನೀರು ಬೆರೆಸಿದ ಹಾಲು. ನಮ್ಮ ಕೋಣೆ ನಿನಗೆ ಗೊತ್ತೇ ಇದೆ. ಕಿಟಕಿ ಪಕ್ಕದ ಕಲ್ಲಿನ ಕಟ್ಟೆ, ಸಾಲಾಗಿ ಒಂಬತ್ತು ಗಾಜಿನ ಜಾಡಿ. ನೀಲಿಯಲ್ಲಿ ಏಳು ನಿಮಿಷ, ತೊಳೆ, ಗುಲಾಬಿಯಲ್ಲಿ ಹನ್ನೆರಡು ಸಲ ಅದ್ದು. ಇದು ಗೋಡೆಗೆ ಅಂಟಿಸಿದ ಹಾಳೆಯಲ್ಲಿರುವುದು. ಆದರೆ ಚಳಿಗೆ ಒಂದು ಲೆಕ್ಕ, ಸೆಕೆಗೆ ಒಂದು, ಜಾಡಿಯ ಬಣ್ಣ ಹಳತಾದರೆ ಇನ್ನೊಂದು. "ಸಾಕು" ಎಂದು ಕಣ್ಣೇ ಹೇಳಬೇಕು, ಗಡಿಯಾರ ಹೇಳಿದರೆ ಆಗುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಸ್ಲೈಡು ಒಂದೂ ವಾಪಸ್ ಬಂದಿಲ್ಲ. ಜಂಬ ಅಂದುಕೋ.

ನಾವು ಚೆನ್ನಾಗಿದ್ದೇವೆ. ಮೊನ್ನೆ ಬಾಗಿಲ ಚೌಕಟ್ಟು ಬಡಿದು ಭುಜ ಊದಿತ್ತು. ನಿನ್ನಣ್ಣ, "ಬಾಗಿಲು ಅಲ್ಲೇ ಇದೆ ಕಣೇ, ಅದೇನು ಎದ್ದು ಬಂದು ಹೊಡೀತಾ?" ಅಂತ ಎರಡು ದಿನ ಆಡಿಕೊಂಡರು. ಕೆಲಸ ಜಾಸ್ತಿ, ಗಮನ ಎಲ್ಲೋ ಇರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತಿಗೆ


ಏಪ್ರಿಲ್ 18

ಅತ್ತಿಗೆ,

ಬನಿಯನ್ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಪರದೆ ಒರೆಸುವ ಉದ್ಯೋಗಕ್ಕೆ ಸೇರಿದೆ. ಅಣ್ಣನಿಗೆ ಹೇಳಿ.

ಕೆಲಸ ಈಗ ದಾರಿಗೆ ಬಂದಿದೆ. ನಾನೇನು ಮಾಡುತ್ತಿದ್ದೇನೆ ಹೇಳಲೇ? ಒಂದು ಸ್ಲೈಡಿನ ಚಿತ್ರಕ್ಕೆ ಎರಡು ಪ್ರತಿ ಮಾಡುತ್ತೇನೆ. ಒಂದರಲ್ಲಿ ಬಣ್ಣ ಏರಿಸುತ್ತೇನೆ, ಇನ್ನೊಂದರಲ್ಲಿ ಇಳಿಸುತ್ತೇನೆ. ಪ್ರೋಗ್ರಾಮಿಗೆ, "ಇವೆರಡೂ ಒಂದೇ, ಹತ್ತಿರ ಕೂರಿಸು" ಎನ್ನುತ್ತೇನೆ. ಬೇರೆ ಸ್ಲೈಡು ಬಂದರೆ, "ಇದು ಬೇರೆ, ದೂರ ಕೂರಿಸು." ಇದೇ ಆಟ ಲಕ್ಷಾಂತರ ಸಲ. ಉತ್ತರ ಹೇಳಿಕೊಡುವುದೇ ಬೇಡ. ಹತ್ತಿರ-ದೂರ ಆಡಿ ಆಡಿ, ಬಣ್ಣವನ್ನು ನಂಬಬಾರದು, ಆಕಾರ ನೋಡಬೇಕು ಎಂದು ಅದಕ್ಕೇ ಹೊಳೆಯುತ್ತದೆ. ಆಮೇಲೆ ನಿಮ್ಮ ಆಸ್ಪತ್ರೆಯೂ ಒಂದೇ, ನಮ್ಮದೂ ಒಂದೇ. ಬಣ್ಣ ಅದರ ಪಾಲಿಗೆ ಬರೀ ಗದ್ದಲ, ಅದನ್ನು ಮರೆಯಲು ಕಲಿಸುವುದೇ ನನ್ನ ಕೆಲಸ.

ಅಂದಹಾಗೆ, ನಿಮ್ಮ ಈಚಿನ ಸ್ಲೈಡುಗಳು ಹೋದ ವರ್ಷದವಕ್ಕಿಂತ ಗಾಢವಾಗಿವೆ. ಬಣ್ಣದ ಹೊಸ ಬಾಟಲಿ ಬಂದಿರಬೇಕು, ಅಲ್ಲವೇ? ಹಾಗೆಂದೇ ಬರೆದುಕೊಂಡಿದ್ದೇನೆ.

ನಿಮ್ಮ ಅಕ್ಷರವೂ ದಪ್ಪವಾಗಿದೆ. ಒಂದು ಹಾಳೆಗೆ ಎಂಟೇ ಸಾಲು! ಆಸ್ಪತ್ರೆಯವರು ಕಾಗದ ಬಿಟ್ಟಿ ಕೊಡುತ್ತಾರಾ?

ಯಾಕಮ್ಮ


ಮೇ 11

ಯಾಕಮ್ಮಾ,

ಹೌದು, ಹೊಸ ಬಾಟಲಿ. ಹಾಗೇ ಬರೆದುಕೋ.

ಅಕ್ಷರ ದಪ್ಪವಾದದ್ದು ವಯಸ್ಸಿನ ಠೀವಿ. ನಿನಗೂ ಬರುತ್ತದೆ, ಕಾಯಿ.

ಹತ್ತಿರ-ದೂರ ಆಟ ಅರ್ಥವಾಯಿತು. ಚಿಕ್ಕವಳಿದ್ದಾಗ ನೀನು ಗುಂಡಿಗಳನ್ನು ಹೀಗೇ ಗುಂಪು ಮಾಡಿ ಆಡುತ್ತಿದ್ದೆ. ಒಂದು ಮಾತು ಕೇಳಬೇಕಿತ್ತು. ಯೋಚಿಸಿ ಉತ್ತರ ಬರೆ. ನಿನ್ನ ಯಂತ್ರ ಬಣ್ಣ ಮರೆಯಲು ಕಲಿತ ಮೇಲೆ, ನನ್ನಂಥವರ ಕೈ ಹೆಚ್ಚು ಕಡಿಮೆಯಾದರೆ ಏನೂ ತೊಂದರೆಯಿಲ್ಲವೇ? ಬಣ್ಣ ಎಷ್ಟು ಏರಿದರೂ ಅದಕ್ಕೆ ನಡೆಯುತ್ತದೆಯೇ? ಕೈ ಹೆಚ್ಚು ಕಡಿಮೆಯಾಗಿದೆ ಎಂಬುದಾದರೂ ಅದಕ್ಕೆ ತಿಳಿಯುತ್ತದೋ ಇಲ್ಲವೋ?

ಸುಮ್ಮನೆ ಕೇಳಿದೆ. ಇಲ್ಲಿ ಸೆಕೆ. ಕಿಟಕಿಯ ಪರದೆ ತೆಗೆಸಿ ಹಾಕಿದ್ದೇನೆ, ಬೆಳಕು ಸಾಲದು.

ಅತ್ತಿಗೆ


ಜುಲೈ 2

ಅತ್ತಿಗೆ,

ತಡವಾಯಿತು, ಬೈಯಬೇಡಿ. ಮೇ ತಿಂಗಳ ಕೊನೆಗೆ ಈ ಕೆಲಸದ ಸಂಶೋಧನಾ ಪ್ರಬಂಧ ಕಳಿಸುವ ಗಡುವಿತ್ತು. ಮೂರು ವಾರ ಮನುಷ್ಯಳಾಗಿರಲಿಲ್ಲ.

ಕಳಿಸಿದೆ! ನಿಮ್ಮ ಸ್ಲೈಡುಗಳ ಮೇಲೆ ಈಗ ನೂರಕ್ಕೆ ಎಂಬತ್ತೊಂಬತ್ತು ಸರಿ. ಜೂನ್‌ನವೂ ಒಂದೇ, ಏಪ್ರಿಲ್‌ನವೂ ಒಂದೇ, ತಿಳಿಯೂ ಒಂದೇ, ಗಾಢವೂ ಒಂದೇ. ನಮ್ಮ ಮೇಲಿನವರು ಬೆನ್ನು ತಟ್ಟಿದರು. ಅವರು ಬೆನ್ನು ತಟ್ಟಿದ್ದನ್ನು ಈ ಕಟ್ಟಡದಲ್ಲಿ ಈ ಮೊದಲು ಯಾರೂ ನೋಡಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಎಷ್ಟು ಏರಿದರೂ ಪರವಾಗಿಲ್ಲ, ಅದಕ್ಕೆ ಏನೂ ತಿಳಿಯುವುದಿಲ್ಲ. ಅದೇ ನನ್ನ ಪ್ರೋಗ್ರಾಮಿನ ಹೆಚ್ಚುಗಾರಿಕೆ. ಯಂತ್ರ ಬಂದು ನಿಮ್ಮ ಕೆಲಸ ಕಸಿಯುತ್ತದೆ ಎಂಬ ಚಿಂತೆ ನಿಮಗೆ, ಗೊತ್ತು. ಆ ಭಯ ಬಿಡಿ. ನೀವು ನೀಲಿಯಲ್ಲಿ ಮುಳುಗಿಸಿ ಮರೆತು ಚಹಾ ಕುಡಿದು ಬಂದರೂ ಅದು ಸುಧಾರಿಸಿಕೊಳ್ಳುತ್ತದೆ.

ಯಾಕಮ್ಮ


ಸೆಪ್ಟೆಂಬರ್ 15

ಯಾಕಮ್ಮಾ,

ನಿನ್ನ ಮಾತು ಓದಿ ನೆಮ್ಮದಿಯಾಯಿತು. ಎರಡು ಸಲ ಓದಿದೆ.

ಆಗಸ್ಟಿನಲ್ಲಿ ಆಸ್ಪತ್ರೆಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿತ್ತು. ಎರಡು ವಾರ ಮನೆಯಲ್ಲಿದ್ದೆ. ಆ ಸ್ಲೈಡುಗಳು ನನ್ನ ಜೊತೆ ಕೆಲಸ ಮಾಡುವ ಹುಡುಗಿ ಮಾಡಿದವು. ಚೀಟಿಯಲ್ಲಿ ಅವಳ ಸಹಿ ಇದೆ. ಬುದ್ಧಿವಂತೆ, ಆದರೆ ಕೈ ಹಗುರ, ತಿಳಿಯಾಗಿ ಕಂಡರೆ ಅವಳನ್ನು ಬೈದುಕೋ.

ಈಗ ಸರಿ ಇದ್ದೇನೆ. ಬರೆಯಲು ಹೆಚ್ಚೇನಿಲ್ಲ.

ಅತ್ತಿಗೆ


ಡಿಸೆಂಬರ್ 12

ಅತ್ತಿಗೆ,

ಇದನ್ನು ಓದಿ ಮುಗಿಸುವ ಹೊತ್ತಿಗೆ ಅಣ್ಣ ನಿಮ್ಮನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರಬೇಕು. ಅವನಿಗೆ ಫೋನ್ ಮಾಡಿದ್ದೇನೆ. ನಿಮಗೆ ಮಾಡಿದಾಗ "ಏನಿಲ್ಲ ಕಣೇ, ಚೆನ್ನಾಗಿದೀನಿ" ಎಂದಿರಿ. ನಾನು ನಂಬಲಿಲ್ಲ.

ಪ್ರಬಂಧ ಒಪ್ಪಿಗೆಯಾಗಿದೆ. ಆದರೆ ಅದನ್ನು ಪರಿಶೀಲಿಸಿದವರೊಬ್ಬರು ಒಂದು ಪ್ರಶ್ನೆ ಹಾಕಿದರು: "ಬಣ್ಣವನ್ನು ತೆಗೆದು ಎಸೆದಿರಿ, ಸರಿ. ಎಸೆದದ್ದರಲ್ಲಿ ಏನಿತ್ತು, ತೋರಿಸಿ." ಸ್ಲೈಡುಗಳ ಗಾಢತೆಯನ್ನು ತಾರೀಖಿನ ಪ್ರಕಾರ ಗೆರೆ ಎಳೆದು ನೋಡಿದೆ. ಹೊಸ ಬಾಟಲಿಯಾಗಿದ್ದರೆ ಒಂದು ದಿನ ತಟ್ಟನೆ ಏರಿ ಅಲ್ಲೇ ನಿಲ್ಲಬೇಕಿತ್ತು. ಇದು ಹಾಗಿಲ್ಲ. ಹೋದ ವರ್ಷದ ನವೆಂಬರಿನಿಂದ ಪ್ರತಿ ತಿಂಗಳೂ ಒಂದೊಂದು ಚೂರು, ಬಿಡದೆ ಏರಿದೆ. ಈ ಆಗಸ್ಟಿನ ಎರಡು ವಾರ ಮಾತ್ರ ಕೆಳಗೆ ಬಿದ್ದಿದೆ. ಚೀಟಿ ತೆಗೆದು ನೋಡಿದರೆ ಆ ಹುಡುಗಿಯ ಸಹಿ. ಜಾಡಿ ಅದೇ, ಬಾಟಲಿ ಅದೇ. ನೀವು ಮರಳಿ ಬಂದ ದಿನವೇ ಗೆರೆ ಮತ್ತೆ ಮೇಲಕ್ಕೆ.

ಅತ್ತಿಗೆ, ನಿಮಗೆ ಬಣ್ಣ ಸರಿಯಾಗಿ ಕಾಣುತ್ತಿಲ್ಲ. ಸಾಕು ಎಂದು ಕಣ್ಣು ಹೇಳುವವರೆಗೆ ಅದ್ದುತ್ತಿದ್ದೀರಿ, ಕಣ್ಣು ಹೇಳುವುದು ತಡವಾಗುತ್ತಿದೆ. ಇದು ನನಗೆ ಈ ವಾರ ತಿಳಿಯಿತು. ಹೋಗಿ ತೋರಿಸಿ, ದಮ್ಮಯ್ಯ.

ಯಾಕಮ್ಮ


ಜನವರಿ 6

ಯಾಕಮ್ಮಾ,

ನಾನು ಹೇಳುತ್ತಿದ್ದೇನೆ, ನಿನ್ನಣ್ಣ ಬರೆಯುತ್ತಿದ್ದಾರೆ. ತಪ್ಪಿದ್ದರೆ ಅವರದು.

ಕಣ್ಣೊಳಗಿನ ಒತ್ತಡ ಏರಿ ನರ ಸೊರಗಿದೆಯಂತೆ. ನೋವಿಲ್ಲದೆ, ಸದ್ದಿಲ್ಲದೆ ಬರುವ ಕಾಯಿಲೆ. ಎಡಗಣ್ಣಿನದು ಮುಗಿದ ಹಾಗೆಯೇ. ಬಲಗಣ್ಣಿನಲ್ಲಿ ಸುತ್ತಲಿನದು ಹೋಗಿದೆ, ನಡುವೆ ಒಂದು ಕಿಂಡಿಯಷ್ಟು ಉಳಿದಿದೆ, ಅದೂ ಮಂಜು ಮಂಜು. ಬಾಗಿಲು ಎದ್ದು ಬಂದು ಹೊಡೆಯುತ್ತಿದ್ದದ್ದು ಇದಕ್ಕೇ. ದಿನಕ್ಕೆ ಮೂರು ಸಲ ಹನಿ ಹಾಕಬೇಕು. "ಹೋಗಿರೋದು ಬರಲ್ಲಮ್ಮ, ಇರೋದನ್ನ ಎಷ್ಟು ದಿನ ಆಗುತ್ತೋ ಅಷ್ಟು ಉಳಿಸ್ಕೊಳ್ಳೋಣ" ಅಂದರು ಡಾಕ್ಟರು. ಆರೇಳು ತಿಂಗಳು ಮೊದಲು ಬಂದಿದ್ದರೆ ಬಲಗಣ್ಣು ಬಹುಪಾಲು ಉಳಿಯುತ್ತಿತ್ತು ಎಂದೂ ಅಂದರು. ಅದನ್ನೇಕೆ ಬರೆಸುತ್ತೀಯಾ ಅನ್ನುತ್ತಿದ್ದಾರೆ ನಿನ್ನಣ್ಣ. ಇರಲಿ, ಬರೀರಿ.

ಕಟ್ಟೆ, ಜಾಡಿಗಳು ಈಗ ಆ ಹುಡುಗಿಯ ಪಾಲಿಗೆ. ಎರಡು ದಿನ ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ಮೂರನೇ ದಿನ ಅವಳಿಗೇ ಎಲ್ಲ ಗೊತ್ತಿತ್ತು. ಹಳೆಯ ಸ್ಲೈಡುಗಳನ್ನು ನಮ್ಮ ದೊಡ್ಡ ಡಾಕ್ಟರು ಇನ್ನೊಮ್ಮೆ ನೋಡಿದರು, ಯಾವ ರೋಗಿಗೂ ತಪ್ಪು ವರದಿ ಹೋಗಿಲ್ಲ. ಅದೊಂದು ಭಯವಿತ್ತು, ಇಳಿಯಿತು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಂಡ ಕೂಡಲೇ ಹೇಳಿದೆ, ಅಷ್ಟು ಸಾಕು. ನೀನು ಹೇಳದಿದ್ದರೆ ಇದೂ ಉಳಿಯುತ್ತಿರಲಿಲ್ಲ.

ಅತ್ತಿಗೆ

(ಬರೆದವನು ಅಣ್ಣ. ಅವಳು ಊಟ ಸರಿಯಾಗಿ ಮಾಡ್ತಿಲ್ಲ. ನಿನ್ನ ಕಾಗದ ಬಂದರೆ ಸ್ವಲ್ಪ ಗೆಲುವಾಗ್ತಾಳೆ, ಬರೀತಿರು.)


ಜನವರಿ 19

ಅತ್ತಿಗೆ,

ಅಣ್ಣ ಇದನ್ನು ಓದಿ ಹೇಳುತ್ತಾನೆ. ಅಣ್ಣಾ, ಅಲ್ಲಲ್ಲಿ ನಿಲ್ಲಿಸದೆ ಓದು.

ಹನಿಗಳನ್ನು ತಂಪಾದ ಜಾಗದಲ್ಲಿ ಇಡಬೇಕಂತೆ. ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಇದೇ ತೊಂದರೆ ಇದೆ, ಅವರು ಹೇಳಿದರು. ಮನೆಯ ಮೆಟ್ಟಿಲಿನ ಅಂಚಿಗೆ ಅಗಲವಾದ ಹಳದಿ ಪಟ್ಟಿ ಅಂಟಿಸಲಿ ಅಣ್ಣ.

ಇನ್ನು ಹೇಳಬೇಕಾದದ್ದು. "ಕಂಡ ಕೂಡಲೇ ಹೇಳಿದೆ" ಎಂದು ಬರೆಸಿದ್ದೀರಿ. ಅದು ಸುಳ್ಳು. ಆ ಗೆರೆಯನ್ನು ನಾನು ಮೊದಲು ನೋಡಿದ್ದು ಡಿಸೆಂಬರಿನಲ್ಲಿ ಅಲ್ಲ, ಮೇ ತಿಂಗಳಲ್ಲಿ. ಪಕ್ಕದ ಮೇಜಿನವಳು ನನ್ನ ಪರದೆ ನೋಡಿ, "ಇದು ಬಾಟಲಿ ಅಲ್ಲ ಕಣೆ, ಯಾರದೋ ಕೈ. ಒಂದ್ಸಲ ಕೇಳಿ ನೋಡು" ಅಂದಳು. ಗಡುವಿಗೆ ಒಂಬತ್ತು ದಿನವಿತ್ತು. ಕೈಯೇ ತಪ್ಪಿದ್ದರೆ ಆ ಸ್ಲೈಡುಗಳನ್ನೆಲ್ಲ ಬದಿಗಿಟ್ಟು ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು. ನಿಮ್ಮ ಕಾಗದದಲ್ಲಿ "ಹೌದು, ಹೊಸ ಬಾಟಲಿ" ಎಂದಿತ್ತು. ಅದನ್ನು ಅವಳಿಗೆ ತೋರಿಸಿದೆ. "ಅವರೇ ಬರೆದಿದ್ದಾರಲ್ಲ" ಅಂದೆ. ಅವಳು ತನ್ನ ಕೆಲಸಕ್ಕೆ ತಿರುಗಿದಳು, ನಾನು ಆ ಗೆರೆಯನ್ನು ಮುಚ್ಚಿಟ್ಟೆ. ಎಲ್ಲದಕ್ಕೂ ಯಾಕೆ ಎನ್ನುವವಳು ಅದೊಂದಕ್ಕೆ ಅನ್ನಲಿಲ್ಲ. ಉತ್ತರ ಬೇಡವಾಗಿತ್ತು, ಅದಕ್ಕೆ.

ಮೇಯಿಂದ ಡಿಸೆಂಬರಿಗೆ ಏಳು ತಿಂಗಳು. ನಿಮ್ಮ ಡಾಕ್ಟರು ಹೇಳಿದ್ದೂ ಅಷ್ಟೇ. ನಾನು ಎಣಿಸುತ್ತಲೇ ಇದ್ದೇನೆ. ನಿಮ್ಮ ಬಲಗಣ್ಣಿನಲ್ಲಿ ಹೋಗಿರುವುದು ನಾನು ಗದ್ದಲವೆಂದು ಎಸೆದದ್ದು. ಕ್ಷಮಿಸಿ ಎನ್ನಲು ನಾಚಿಕೆಯಾಗುತ್ತದೆ. ಆದರೂ ಕ್ಷಮಿಸಿ.

ಬೇಸಿಗೆಗೆ ರಜೆ ಸಿಗಬಹುದು. ನೀವು ಬಾ ಎಂದರೆ ಬರುತ್ತೇನೆ.

ಯಾಕಮ್ಮ


ಫೆಬ್ರವರಿ 8

ಯಾಕಮ್ಮಾ,

ನಿನ್ನ ಕಾಗದ ಬಂತು. ಹನಿ ಹಾಕಿ ಮೂಲೆ ಒತ್ತುತ್ತಿದ್ದೇನೆ. ಮೆಟ್ಟಿಲಿಗೆ ಪಟ್ಟಿ ಅಂಟಿಸಿದ್ದಾರೆ ನಿನ್ನಣ್ಣ, ಸೊಟ್ಟಗೆ. ನನಗೇ ಕಾಣುವಷ್ಟು ಸೊಟ್ಟ.

ಮಧ್ಯಾಹ್ನ ರೇಡಿಯೋ ಕೇಳುತ್ತೇನೆ. ಕೈಗೆ ಕೆಲಸವಿಲ್ಲದೆ ಕೂರುವುದು ಕಷ್ಟ, ಇರುವ ಬೇಳೆ ಡಬ್ಬಿಗಳನ್ನೆಲ್ಲ ಮುಟ್ಟಿ ಮುಟ್ಟಿ ಜೋಡಿಸಿಟ್ಟಿದ್ದೇನೆ. ಬೇಸಿಗೆಗೆ ರಜೆ ಸಿಕ್ಕರೆ ಒಳ್ಳೆಯದು. ನೀನು ಕೆಲಸ ಬಿಟ್ಟು ಓಡಿ ಬರಬೇಕಾಗಿಲ್ಲ.

ಅತ್ತಿಗೆ


ಫೆಬ್ರವರಿ 20

ಅತ್ತಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ನಾನು ಬರೆದದ್ದಕ್ಕೆ ಒಂದು ಮಾತೂ ಇಲ್ಲ. "ಓಡಿ ಬರಬೇಕಾಗಿಲ್ಲ" ಎಂಬುದು ಅರ್ಥವಾಯಿತು. ನಿಮ್ಮ ಜಾಗದಲ್ಲಿ ಇದ್ದಿದ್ದರೆ ನಾನು ಅಷ್ಟನ್ನೂ ಬರೆಸುತ್ತಿರಲಿಲ್ಲ.

ಪ್ರಬಂಧದಲ್ಲಿ ಹೊಸ ಬಾಟಲಿ ಎಂದಿದ್ದ ಸಾಲನ್ನು ತೆಗೆಸಿದ್ದೇನೆ. ಬಣ್ಣ ಬದಲಾದದ್ದು ಬಣ್ಣ ಹಾಕುವವರ ದೃಷ್ಟಿ ಕುಂದಿದ್ದರಿಂದ, ಅದನ್ನು ನಾವು ಕಂಡೂ ವಿಚಾರಿಸಲಿಲ್ಲ ಎಂದು ಬರೆದಿದ್ದೇನೆ. ಮೇಲಿನವರು, "ಇಷ್ಟೆಲ್ಲ ಯಾಕೆ ಬೇಕು?" ಅಂದರು. ಬೇಕು ಅಂದೆ. ಇದರಿಂದ ನಿಮಗೆ ಏನೂ ಆಗುವುದಿಲ್ಲ, ಗೊತ್ತು.

ಇನ್ನು ಬರೆದು ನಿಮ್ಮನ್ನು ನೋಯಿಸುವುದಿಲ್ಲ.

ಯಾಕಮ್ಮ


ಮಾರ್ಚ್ 3

ಯಾಕಮ್ಮಾ,

ಇದು ನನ್ನ ಕೈ. ಗೆರೆ ಮೇಲೆ ಕೆಳಗೆ ಹೋದರೆ ಸುಧಾರಿಸಿಕೋ. ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು.

ನಿನ್ನಣ್ಣ ಜನವರಿಯ ಕಾಗದ ಬಿಚ್ಚಿದಾಗ ಮೂರು ಹಾಳೆಯ ಸದ್ದಾಯಿತು. ಓದುವಾಗ ಎರಡೇ ಹಾಳೆಯ ಸದ್ದು. ಹನಿ, ಮೆಟ್ಟಿಲು, ಬೇಸಿಗೆ ರಜೆ, ಅಷ್ಟೇ ಓದಿದರು. ಆಗಲೇ ಅನುಮಾನ ಬಂದಿತ್ತು, ಅವರ ಮುಖ ಕಾಣದೆ ಕೇಳಲು ಧೈರ್ಯ ಬರಲಿಲ್ಲ. ಮೊನ್ನೆ ನಿನ್ನ ಸಣ್ಣ ಕಾಗದ ಬಂದಾಗ ಓದುತ್ತಾ ತಡವರಿಸಿದರು. ಲ್ಯಾಬಿನ ಹುಡುಗಿಯನ್ನು ಕರೆಸಿ, ಅವರ ಕಪಾಟಿನಿಂದ ಆ ಹಾಳೆ ತೆಗೆಸಿ ಓದಿಸಿದೆ. "ಯಾಕ್ರೀ ಬಚ್ಚಿಟ್ರಿ?" ಅಂದದ್ದಕ್ಕೆ, "ಕಣ್ಣಂತೂ ಹೋಯ್ತು, ಅವಳೂ ಹೋಗ್ಬಾರ್ದು ನಿನ್ನ ಪಾಲಿಗೆ ಅಂತ" ಅಂದು ಅತ್ತರು. ನಿನ್ನಣ್ಣ ಅಳುವುದನ್ನು ನಾನು ಹಿಂದೆ ಕೇಳಿರಲಿಲ್ಲ.

ನನಗೆ ಸಿಟ್ಟು ಬಂದಿದೆ. ಇಲ್ಲ ಎಂದು ಬರೆದರೆ ಇನ್ನೊಂದು ಹೊಸ ಬಾಟಲಿ ಆಗುತ್ತದೆ. ಎರಡು ದಿನ ನಿನ್ನ ಹೆಸರು ಎತ್ತಬೇಡಿ ಎಂದಿದ್ದೆ.

ಆದರೆ ನನ್ನ ಲೆಕ್ಕವನ್ನೂ ಕೇಳು. ನೀನು ಮೇಯಲ್ಲಿ ಕಂಡೆ. ನನಗೆ ಅದರ ಹಿಂದಿನ ನವೆಂಬರಿನಲ್ಲೇ ಗೊತ್ತಿತ್ತು. ನೀಲಿ ಬೂದು ಬಣ್ಣವಾಗಿ ಕಾಣುತ್ತಿತ್ತು. ತೋರಿಸಿದರೆ ಕಟ್ಟೆ ಬಿಡಿಸುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ. ಹೊಸ ಬಾಟಲಿ ಅಲ್ಲವೇ ಎಂದು ಉತ್ತರವನ್ನೂ ನೀನೇ ಕೊಟ್ಟೆ, ನಾನು ಹೌದು ಅಂದೆ. ಹಾಗೆ ಬರೆದ ರಾತ್ರಿ ನಿದ್ದೆ ಬರದೆ ಅದೇ ಕಾಗದದಲ್ಲಿ ಆ ಪ್ರಶ್ನೆ ಹಾಕಿದೆ, ಕೈ ತಪ್ಪಿದ್ದು ಯಂತ್ರಕ್ಕೆ ತಿಳಿಯುತ್ತದೆಯೇ ಎಂದು. ತಿಳಿಯುತ್ತದೆ ಎಂದು ನೀನು ಬರೆದಿದ್ದರೆ ಮಾರನೇ ದಿನವೇ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ನೀನು ಪರವಾಗಿಲ್ಲ ಎಂದು ಬರೆದೆ. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನೀನು ನೇರವಾಗಿ ಕೇಳಿದ್ದರೂ ಮೊದಲ ಸಲ ಸುಳ್ಳೇ ಹೇಳುತ್ತಿದ್ದೆ ಅನ್ನಿಸುತ್ತದೆ. ಎರಡನೇ ಸಲ ಕೇಳಿದ್ದರೆ ಹೇಳುತ್ತಿದ್ದೆ.

ಬೇಸಿಗೆವರೆಗೆ ಕಾಯಬೇಡ. ಬಲಗಣ್ಣು ಹೋದ ತಿಂಗಳಿದ್ದ ಹಾಗೆ ಈ ತಿಂಗಳಿಲ್ಲ, ನಿನ್ನಣ್ಣನಿಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ. ಕಿಟಕಿಯ ಹತ್ತಿರ, ಎದುರು ಬದುರು ಕೂತರೆ ಒಂದು ಮುಖ ಇನ್ನೂ ಪೂರ್ತಿ ಕಾಣುತ್ತದೆ. ನಿನ್ನನ್ನು ಬೈಯಬೇಕು, ಮುಖ ನೋಡಿ ಬೈಯಬೇಕು. ಬೇಗ ಬಾ.

ಅತ್ತಿಗೆ